ಡಿಸೆಂಬರ್ 29: ಪುಟ್ಟಪ್ಪನವರು, ರಬ್ಬರ್ ಕೋಟು, ಆಮೇಲೆ ನಾನು

ಶಾಲೆಯಲ್ಲಿ ನನ್ನ ಹುಟ್ಟುಹಬ್ಬಕ್ಕೆ ಪ್ರತಿ ವರ್ಷ ಭಾಷಣ ಇರುತ್ತಿತ್ತು. ನನ್ನ ಬಗ್ಗೆ ಅಲ್ಲ, ಕುವೆಂಪು ಬಗ್ಗೆ. ತೀರ್ಥಹಳ್ಳಿ ಕಡೆಯ ಹಳ್ಳಿ ಶಾಲೆ ನಮ್ಮದು, ಕುಪ್ಪಳಿ ಏನೂ ದೂರ ಇಲ್ಲ. ಅಲ್ಲಿ ಡಿಸೆಂಬರ್ 29 ಅಂದರೆ ಸಣ್ಣ ಜಾತ್ರೆ ಇದ್ದ ಹಾಗೆ. ಕನ್ನಡ ಮೇಷ್ಟ್ರು ಅರ್ಧ ಗಂಟೆ ಮಾತಾಡಿ, ಕೊನೆಗೆ ನನ್ನ ಕಡೆ ಬೆರಳು ತೋರಿಸಿ, "ಇದೇ ದಿನ ಹುಟ್ಟಿದ ಇನ್ನೊಬ್ಬ ಮಹಾಪುರುಷ ಇಲ್ಲೇ ಕೂತಿದ್ದಾನೆ, ಎದ್ದು ನಿಲ್ಲೋ" ಅನ್ನುತ್ತಿದ್ದರು. ಎಲ್ಲರೂ ನಗುತ್ತಿದ್ದರು. ನಾನು ಮಾತ್ರ ನಿಜವಾಗಿಯೂ ಮಹಾಪುರುಷನ ಹಾಗೆ ಎದೆ ಉಬ್ಬಿಸಿ ನಿಲ್ಲುತ್ತಿದ್ದೆ. ಆಮೇಲೆ ಒಂದು ಶುಂಠಿ ಪೆಪ್ಪರಮೆಂಟು ಸಿಗುತ್ತಿತ್ತು.

ಆ ಜಂಬ ಪೂರ್ತಿ ಇಳಿದಿಲ್ಲ. ಪೇಪರಿನಲ್ಲಿ 'ಇತಿಹಾಸದಲ್ಲಿ ಈ ದಿನ' ಅಂತ ಮೂಲೆಯಲ್ಲಿ ಬರುತ್ತದಲ್ಲ, ಅದನ್ನು ಕತ್ತರಿಸಿ ಇಡಲು ಶುರು ಮಾಡಿದ್ದು ಕಾಲೇಜಿನಲ್ಲಿ. ಬೇರೆ ದಿನದ್ದಲ್ಲ, ನನ್ನ ದಿನದ್ದು ಮಾತ್ರ. ಈಗ ಅದೊಂದು ದಪ್ಪ ನೋಟ್‌ಬುಕ್ ಆಗಿದೆ. ಹೆಂಡತಿ ಅದಕ್ಕೆ 'ಇಪ್ಪತ್ತೊಂಬತ್ತರ ಪುರಾಣ' ಅಂತ ಹೆಸರಿಟ್ಟಿದ್ದಾಳೆ.

ಮೊದಲೇ ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ಒಂದೇ ತಾರೀಕಿಗೆ ಎರಡು ಸಂಗತಿ ನಡೆದರೆ ಅದರಲ್ಲಿ ಏನೂ ಅರ್ಥ ಇಲ್ಲ. ಒಂದು ಕೋಣೆಯಲ್ಲಿ ಬರೀ 23 ಜನ ಇದ್ದರೂ ಅವರಲ್ಲಿ ಯಾರಾದರೂ ಇಬ್ಬರ ಹುಟ್ಟಿದ ದಿನ ಒಂದೇ ಆಗಿರುವ ಸಾಧ್ಯತೆ ಅರ್ಧಕ್ಕಿಂತ ಜಾಸ್ತಿ, ಲೆಕ್ಕದವರು ಇದನ್ನು ಎಂದೋ ತೋರಿಸಿದ್ದಾರೆ. ಹಾಗಾಗಿ ರಾಜೇಶ್ ಖನ್ನಾ 1942ರ ಡಿಸೆಂಬರ್ 29ಕ್ಕೆ ಹುಟ್ಟಿದರು, ಅವರ ಮಗಳು ಟ್ವಿಂಕಲ್ ಖನ್ನಾ ಕೂಡ ಅದೇ ದಿನ ಹುಟ್ಟಿದರು ಅಂದರೆ ಅಪ್ಪ ಮಗಳಿಗೆ ಒಂದೇ ಕೇಕ್ ಸಾಕು, ಅಷ್ಟೇ. ಅದಕ್ಕಿಂತ ಜಾಸ್ತಿ ಏನಿದೆ ಅದರಲ್ಲಿ? ನನಗೆ ಇಷ್ಟ ಆಗುವುದು ಬೇರೆ. ಪಟ್ಟಿಯಲ್ಲಿ ಅಕ್ಕಪಕ್ಕ ಸುಮ್ನೆ ಕೂತಿರುವ ಇಬ್ಬರ ನಡುವೆ, ತಾರೀಕು ಬಿಟ್ಟು, ನಿಜವಾದ ನಂಟೊಂದು ಸಿಕ್ಕರೆ ಅವತ್ತು ಊಟ ಜಾಸ್ತಿ ಸೇರುತ್ತದೆ.

ಅಂಥದ್ದು ಮೊದಲು ಸಿಕ್ಕಿದ್ದು ರಬ್ಬರಿನಲ್ಲಿ.

ಚಾರ್ಲ್ಸ್ ಮ್ಯಾಕಿಂಟಾಶ್ ಹುಟ್ಟಿದ್ದು 1766ರ ಡಿಸೆಂಬರ್ 29, ಸ್ಕಾಟ್‌ಲೆಂಡಿನ ಗ್ಲಾಸ್ಗೋದಲ್ಲಿ. ಚಾರ್ಲ್ಸ್ ಗುಡ್‌ಇಯರ್ ಹುಟ್ಟಿದ್ದು 1800ರ ಡಿಸೆಂಬರ್ 29, ಅಮೆರಿಕದ ನ್ಯೂ ಹೇವನ್‌ನಲ್ಲಿ. ಇಬ್ಬರೂ ಚಾರ್ಲ್ಸ್, ಇಬ್ಬರದೂ ಒಂದೇ ದಿನ, ಇಬ್ಬರೂ ತಲೆ ಕೆಡಿಸಿಕೊಂಡಿದ್ದು ರಬ್ಬರ್ ಬಗ್ಗೆ. ಒಬ್ಬ ಬಿಟ್ಟುಹೋದ ಕೆಲಸವನ್ನು ಇನ್ನೊಬ್ಬ ಮುಗಿಸಿದ.

ಮ್ಯಾಕಿಂಟಾಶ್ ಕಾಲದಲ್ಲಿ ಕಲ್ಲಿದ್ದಲು ಕಾಯಿಸಿ ಗ್ಯಾಸ್ ತೆಗೆದು ಬೀದಿ ದೀಪ ಉರಿಸುತ್ತಿದ್ದರು. ಗ್ಯಾಸ್ ತೆಗೆದ ಮೇಲೆ ಉಳಿಯುವ ಡಾಂಬರು ಯಾರಿಗೂ ಬೇಡ. ಈತನಿಗೆ ತನ್ನ ಬಣ್ಣದ ಕಾರ್ಖಾನೆಗೆ ಅಮೋನಿಯಾ ಬೇಕಿತ್ತು, ಅದಕ್ಕಾಗಿ ಗ್ಯಾಸ್ ಕಂಪನಿಯಿಂದ ಆ ಕಸವನ್ನೆಲ್ಲ ಕೊಂಡುಕೊಂಡ. ಅಮೋನಿಯಾ ಬಂತು, ಜೊತೆಗೆ ಡಾಂಬರೂ ಬಂತು. ಅದರಿಂದ ತೆಗೆದ ನಾಫ್ತಾ ಅನ್ನುವ ಎಣ್ಣೆಯಲ್ಲಿ ರಬ್ಬರ್ ಕರಗುತ್ತದೆ ಅಂತ ಗೊತ್ತಾಯಿತು. ಆ ಅಂಟನ್ನು ಒಂದು ಬಟ್ಟೆಗೆ ಸವರಿ, ಮೇಲೆ ಇನ್ನೊಂದು ಬಟ್ಟೆ ಹಾಕಿ ಒತ್ತಿದ. ನೀರು ಒಳಗೆ ಬರಲಿಲ್ಲ. 1823ರಲ್ಲಿ ಪೇಟೆಂಟ್ ಆಯಿತು. ಇಂಗ್ಲೆಂಡಿನಲ್ಲಿ ಇವತ್ತಿಗೂ ರೇನ್‌ಕೋಟಿಗೆ ಅವನ ಹೆಸರೇ, ಮಧ್ಯದಲ್ಲಿ ಯಾರೋ ಒಂದು ಅಕ್ಷರ ಜಾಸ್ತಿ ಸೇರಿಸಿದ್ದಾರೆ ಅಷ್ಟೆ.

ಆದರೆ ಆ ಕೋಟಿನ ಪಾಡು ಕೇಳಬೇಡಿ. ಸೆಕೆಗೆ ಅಂಟಂಟು, ಚಳಿಗೆ ಕಟ್ಟಿಗೆ. ವಾಸನೆ ಬೇರೆ. ದರ್ಜಿಗಳು ಹೊಲಿದರೆ ಸೂಜಿ ತೂತಿನಲ್ಲೇ ನೀರು ಇಳಿಯುತ್ತಿತ್ತು.

ಇದನ್ನು ಓದಿದಾಗ ನನಗೆ ನಮ್ಮ ಮನೆಯ ಅಟ್ಟ ನೆನಪಾಯಿತು. ಮಳೆಗಾಲ ಮುಗಿದ ಮೇಲೆ ನನ್ನ ರೇನ್‌ಕೋಟನ್ನು ಅಮ್ಮ ಮಡಚಿ ಅಟ್ಟಕ್ಕೆ ಹಾಕುತ್ತಿದ್ದರು. ಮೇ ಕೊನೆಗೆ ಇಳಿಸಿದರೆ ಅದು ಒಂದೇ ಹಾಳೆಯಾಗಿ ಅಂಟಿಕೊಂಡಿರುತ್ತಿತ್ತು. ಬಿಡಿಸುವಾಗ ಚರ್ ಅಂತ ಸದ್ದು, ಕಂಕುಳ ಹತ್ತಿರ ಹರಿಯುವುದು ಗ್ಯಾರಂಟಿ. ಒಳಗೆ ಇಲಿ ಹಿಕ್ಕೆ. ಅದೇ ಹರಿದ ಕೋಟು ಹಾಕಿಕೊಂಡು ಜೂನ್ 1ಕ್ಕೆ ಶಾಲೆಗೆ ಹೊರಟರೆ ಹೊರಗಿನ ಮಳೆಗಿಂತ ಒಳಗಿನ ಬೆವರಿಗೇ ಅಂಗಿ ಜಾಸ್ತಿ ಒದ್ದೆಯಾಗುತ್ತಿತ್ತು. ಅಜ್ಜಯ್ಯ ಅದನ್ನು ನೋಡಿ ನಗುತ್ತಿದ್ದರು. ಅವರದ್ದು ಕಂಬಳಿ ಕೊಪ್ಪೆ. ನಾಟಿಗೆ ಬಗ್ಗುವ ಹೆಂಗಸರದ್ದು ಬಿದಿರ ಕಡ್ಡಿಯಲ್ಲಿ ಎಲೆ ಹೆಣೆದ ಗೊರಬು, ತಲೆಯಿಂದ ಸೊಂಟದ ತನಕ ಬೆನ್ನ ಮೇಲೆ ಆಮೆ ಚಿಪ್ಪಿನ ಹಾಗೆ ಕೂರುತ್ತದೆ, ಎರಡೂ ಕೈ ಬಿಡುವಾಗಿರುತ್ತವೆ. ಆಗುಂಬೆ ನಮ್ಮದೇ ತಾಲೂಕು, ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಜಾಸ್ತಿ ಮಳೆ ಸುರಿಯುವ ಜಾಗ. ಗ್ಲಾಸ್ಗೋದ ಜಿಟಿಜಿಟಿ ಮಳೆಗೆ ಮಾಡಿದ ಕೋಟು ಅಲ್ಲಿ ಎಷ್ಟು ಹೊತ್ತು ತಡೆದೀತು?

ಈಗ ಗುಡ್‌ಇಯರ್ ಕಥೆ. ಪಾಪ, ಈ ಮನುಷ್ಯನಷ್ಟು ಸಾಲ ಮಾಡಿದವರು ನಮ್ಮೂರಲ್ಲೂ ಕಡಿಮೆ. ಸಾಲ ತೀರಿಸಲಾಗದೆ ಜೈಲಿಗೆ ಹೋದ, ಅಲ್ಲೂ ರಬ್ಬರ್ ನಾದುತ್ತಾ ಕೂತ. ಒಮ್ಮೆ ಸರ್ಕಾರಕ್ಕೆ 150 ಅಂಚೆ ಚೀಲ ಮಾಡಿಕೊಡುವ ಕೆಲಸ ಸಿಕ್ಕಿತು. ಇನ್ನೇನು ದೆಸೆ ತಿರುಗಿತು ಅನ್ನುವಷ್ಟರಲ್ಲಿ ಬೇಸಿಗೆ ಸೆಕೆಗೆ ಚೀಲಗಳು ಕರಗಿ ಹಿಡಿಕೆ ಕಳಚಿ ಬಿದ್ದವು. 1839ರಲ್ಲಿ ಗಂಧಕ ಬೆರೆಸಿದ ರಬ್ಬರ್ ಚೂರೊಂದು ಬಿಸಿ ಒಲೆಗೆ ತಾಗಿತು. ಕರಗಬೇಕಿತ್ತು, ಕರಗಲಿಲ್ಲ. ಚರ್ಮದ ಹಾಗೆ ಗಟ್ಟಿಯಾಗಿ ಸುಟ್ಟಿತು. ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಕುಗ್ಗುತ್ತದೆ, ಸೆಕೆಗೂ ಚಳಿಗೂ ಜಗ್ಗುವುದಿಲ್ಲ. ಎಷ್ಟು ಗಂಧಕ, ಎಷ್ಟು ಶಾಖ ಅಂತ ಲೆಕ್ಕ ಹಿಡಿಯುವುದಕ್ಕೆ ಮತ್ತೆ ವರ್ಷಗಳು ಹೋದವು. 1844ಕ್ಕೆ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿತು. ಅಷ್ಟರಲ್ಲಿ ಇಂಗ್ಲೆಂಡಿನಲ್ಲಿ ಥಾಮಸ್ ಹ್ಯಾಂಕಾಕ್ ಅನ್ನುವವನು ಅಲ್ಲಿಯ ಪೇಟೆಂಟನ್ನು ತನ್ನ ಹೆಸರಿಗೆ ಮಾಡಿಕೊಂಡಾಗಿತ್ತು. ಆ ಹ್ಯಾಂಕಾಕ್ ಯಾರು ಗೊತ್ತಾ? ನಮ್ಮ ಮ್ಯಾಕಿಂಟಾಶ್‌ನ ಪಾಲುದಾರ!

ಗುಡ್‌ಇಯರ್ 1860ರಲ್ಲಿ ಸತ್ತಾಗ ತಲೆ ಮೇಲೆ ಸುಮಾರು ಎರಡು ಲಕ್ಷ ಡಾಲರ್ ಸಾಲ ಇತ್ತು. ಲಾರಿ ಟೈರಿನ ಮೇಲೆ ಇವತ್ತು ಕಾಣುವ ಆ ಹೆಸರಿನ ಕಂಪನಿ ಹುಟ್ಟಿದ್ದು 1898ರಲ್ಲಿ, ಅವನು ಸತ್ತು 38 ವರ್ಷ ಆದ ಮೇಲೆ, ಬೇರೆಯವರ ದುಡ್ಡಿನಲ್ಲಿ. ಗೌರವಕ್ಕೆ ಅವನ ಹೆಸರಿಟ್ಟರು. ಅವನ ಮನೆಯವರಿಗೆ ಅದರಲ್ಲಿ ಪಾಲಿರಲಿಲ್ಲ.

ನಮ್ಮ ಕಡೆಯೂ ಈಗ ಅಲ್ಲಲ್ಲಿ ರಬ್ಬರ್ ತೋಟ ಆಗಿದೆ. ಮಳೆಗಾಲದಲ್ಲಿ ಹಾಲು ಇಳಿಸಬೇಕು ಅಂದರೆ ಪ್ರತಿ ಮರಕ್ಕೂ ಪ್ಲಾಸ್ಟಿಕ್ಕಿನ ಲಂಗ ಕಟ್ಟಬೇಕು, ಇಲ್ಲದಿದ್ದರೆ ಬಟ್ಟಲಲ್ಲಿ ಹಾಲಿನ ಬದಲು ಮಳೆ ನೀರು ತುಂಬುತ್ತದೆ. ಕಳೆದ ಜುಲೈನಲ್ಲಿ ದೊಡ್ಡಪ್ಪನ ಮಗನ ತೋಟದಲ್ಲಿ ನಿಂತು ನೋಡುತ್ತಿದ್ದೆ. ಸಾಲಾಗಿ ಮರಗಳು, ಎಲ್ಲದರ ಸೊಂಟಕ್ಕೂ ಲಂಗ. ಮನುಷ್ಯರಿಗೆ ರೇನ್‌ಕೋಟು ಕೊಟ್ಟ ಮರಕ್ಕೇ ನಾವೀಗ ರೇನ್‌ಕೋಟು ತೊಡಿಸುತ್ತಿದ್ದೇವೆ. ಚಾರ್ಲ್ಸ್‌ಗಳಿಬ್ಬರನ್ನೂ ಕರೆದು ತೋರಿಸಬೇಕು ಅನ್ನಿಸಿತು.

ಸರಿ, ಪುಟ್ಟಪ್ಪನವರ ಕಡೆ ಬರೋಣ. 1904ರ ಡಿಸೆಂಬರ್ 29. ಕುಪ್ಪಳಿಯಲ್ಲಿ ಹುಟ್ಟಿದರು ಅಂತ ನಮ್ಮೂರವರು ಗಟ್ಟಿಯಾಗಿ ಹೇಳುತ್ತಾರೆ, ಆದರೆ ಹುಟ್ಟಿದ್ದು ಕೊಪ್ಪ ತಾಲೂಕಿನ ಹಿರೇಕೊಡಿಗೆಯಲ್ಲಿ, ತಾಯಿಯ ತವರಿನಲ್ಲಿ. ಬೆಳೆದಿದ್ದು ಕುಪ್ಪಳಿ. ಚೊಚ್ಚಲ ಬಾಣಂತನ ತವರಲ್ಲೇ ಅಲ್ವಾ, ಹಾಗಾಗಿ ಎರಡೂ ಊರಿನವರಿಗೆ ಪಾಲು ಇದೆ. 2015ರಿಂದ ಸರ್ಕಾರ ಈ ದಿನವನ್ನು ವಿಶ್ವಮಾನವ ದಿನ ಅಂತ ಆಚರಿಸುತ್ತದೆ. 2017ರ ಡಿಸೆಂಬರ್ 29ಕ್ಕೆ ಗೂಗಲ್ ತೆರೆದರೆ ಅಲ್ಲೂ ಅವರೇ ಕೂತಿದ್ದರು, ನಾನು ಆಫೀಸಿನಲ್ಲಿ ಎಲ್ಲರನ್ನೂ ಕರೆದು ತೋರಿಸಿ, ಅದೇ ನೆಪದಲ್ಲಿ ನನಗೂ ಶುಭಾಶಯ ಹೇಳಿಸಿಕೊಂಡೆ.

ಅವರನ್ನು ನಾನು ನೋಡಲಿಲ್ಲ. 1994ರ ನವೆಂಬರ್ 11ಕ್ಕೆ ಮೈಸೂರಿನಲ್ಲಿ ತೀರಿಕೊಂಡಾಗ ನಾನು ಪ್ರೈಮರಿ ಹುಡುಗ. ಕವಿಶೈಲದಲ್ಲಿ ಅವರನ್ನು ಮಣ್ಣು ಮಾಡಿದ ಜಾಗಕ್ಕೆ ಆಮೇಲೆ ಎಷ್ಟೋ ಸಲ ಹೋಗಿದ್ದೇನೆ. ಅಲ್ಲೊಂದು ಬಂಡೆಯ ಮೇಲೆ ಬಿ.ಎಂ.ಶ್ರೀ., ಟಿ.ಎಸ್. ವೆಂಕಣ್ಣಯ್ಯ, ಕುವೆಂಪು ಮೂವರೂ ಹೆಸರು ಕೆತ್ತಿದ್ದಾರೆ. ನೆಲಕ್ಕೆ ಕೂತು ಬೆರಳಾಡಿಸಿದರೆ ಅಕ್ಷರದ ಹಳ್ಳ ಇನ್ನೂ ಗೊತ್ತಾಗುತ್ತದೆ. ನಾವೆಲ್ಲ ಬಂಡೆ ಮೇಲೆ ಹೆಸರು ಗೀಚಿದರೆ ಬೈಸಿಕೊಳ್ಳುತ್ತೇವೆ. ಇವರು ಗೀಚಿದರೆ ಬೇಲಿ ಹಾಕಿ ಕಾಯುತ್ತಾರೆ.

ಇದೇ ದಿನಕ್ಕೆ ಸೇರಿದ ಇನ್ನೊಬ್ಬರು ಸಿ. ಅಶ್ವಥ್. ಹುಟ್ಟಿದ್ದು 1939ರ ಡಿಸೆಂಬರ್ 29, ಹೋಗಿದ್ದು 2009ರ ಡಿಸೆಂಬರ್ 29. ಸರಿಯಾಗಿ ಎಪ್ಪತ್ತು ತುಂಬಿದ ದಿನವೇ ಹೊರಟುಬಿಟ್ಟರು. ಐಟಿಐ ಕಾರ್ಖಾನೆಯಲ್ಲಿ ನೌಕರಿ ಮಾಡಿಕೊಂಡೇ ಹಾಡು ಕಟ್ಟಿದವರು. ಶಿಶುನಾಳ ಶರೀಫರ ತತ್ವಪದಗಳು ಆಟೋ ಸ್ಟ್ಯಾಂಡಿನ ತನಕ ಬಂದಿದ್ದರಲ್ಲಿ ಆ ಗಂಟಲಿನ ಪಾಲು ದೊಡ್ಡದು. ಕುವೆಂಪು ಕವಿತೆಗಳಿಗೂ ಧಾಟಿ ಹಾಕಿದ್ದರು. 2005ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಅವರ 'ಕನ್ನಡವೇ ಸತ್ಯ' ಕಾರ್ಯಕ್ರಮ ನಡೆದಾಗ ನಾನು ಕಾಲೇಜು ಹುಡುಗ, ತುಂಬಾ ಹಿಂದೆ ನಿಂತಿದ್ದೆ, ವೇದಿಕೆ ಮೇಲಿನವರು ಕಡ್ಡಿಪೆಟ್ಟಿಗೆಯಷ್ಟೂ ಕಾಣುತ್ತಿರಲಿಲ್ಲ. ಕೈ ಎತ್ತಿದ್ದು ಮಾತ್ರ ಕಾಣುತ್ತಿತ್ತು. ಅವರು ಕೈ ಎತ್ತಿದರೆ ಮೈದಾನಕ್ಕೆ ಮೈದಾನವೇ ಹಾಡುತ್ತಿತ್ತು. ಸಿನಿಮಾ ನಟರಿಲ್ಲ, ಕುಣಿತ ಇಲ್ಲ, ಬರೀ ಭಾವಗೀತೆಗೆ ಅಷ್ಟು ಜನ ಸೇರಿದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ನಾಡಗೀತೆ ಜಗಳ ನಿಮಗೂ ನೆನಪಿರಬೇಕು. 'ಜಯ ಭಾರತ ಜನನಿಯ ತನುಜಾತೆ' ಬರೆದಿದ್ದು ಕುವೆಂಪು, ಅದು ನಾಡಗೀತೆ ಆಗಿದ್ದು 2004ರಲ್ಲಿ. ಆದರೆ ಯಾವ ಧಾಟಿ? ಮೈಸೂರು ಅನಂತಸ್ವಾಮಿ ಅವರದ್ದಾ, ಅಶ್ವಥ್ ಅವರದ್ದಾ? ವರ್ಷಾನುಗಟ್ಟಲೆ ಸಮಿತಿ, ಚರ್ಚೆ, ಪತ್ರ. ಒಂದೊಂದು ಸಭೆಯಲ್ಲಿ ಒಂದೊಂದು ಥರ ಹಾಡುತ್ತಿದ್ದರು, ನಾವು ಎದ್ದು ನಿಂತವರು ಯಾವಾಗ ಕೂರಬೇಕು ಅಂತ ಪಕ್ಕದವರ ಮುಖ ನೋಡುತ್ತಿದ್ದೆವು. 2022ರಲ್ಲಿ ಸರ್ಕಾರ ಅನಂತಸ್ವಾಮಿ ಅವರ ಧಾಟಿಯನ್ನು ಒಪ್ಪಿ, 2 ನಿಮಿಷ 30 ಸೆಕೆಂಡಿನಲ್ಲಿ ಮುಗಿಸಬೇಕು ಅಂತ ಗೆರೆ ಎಳೆಯಿತು. ನನ್ನನ್ನು ಕೇಳಿದ್ದರೆ, ದಿನ ಹಂಚಿಕೊಂಡ ಋಣಕ್ಕಾದರೂ ಅಶ್ವಥ್ ಕಡೆ ಕೈ ಎತ್ತುತ್ತಿದ್ದೆ. ಪುಣ್ಯಕ್ಕೆ ಯಾರೂ ಕೇಳಲಿಲ್ಲ, ಯಾಕೆಂದರೆ ಶಾಲೆಯಲ್ಲಿ ಕಲಿತ ಬಾಯಿಗೆ ಬರುವುದು ಅನಂತಸ್ವಾಮಿ ಅವರ ಧಾಟಿಯೇ.

ಅಶ್ವಥ್ ಹೋದ ಮರುದಿನ ಬೆಳಗಿನ ಜಾವ ವಿಷ್ಣುವರ್ಧನ್ ಹೋದರು. 2009ರ ಡಿಸೆಂಬರ್ 30. ಒಬ್ಬರಿಗೆ ಅತ್ತು ಮುಗಿದಿರಲಿಲ್ಲ. ಬೆಂಗಳೂರಿನಲ್ಲಿ ಅಂಗಡಿ ಬಾಗಿಲು ಹಾಕಿದ್ದರು, ನಾನು ರೂಮಿನಲ್ಲಿ ಬ್ರೆಡ್ಡು ತಿಂದುಕೊಂಡು ಟಿವಿ ನೋಡುತ್ತಾ ಕೂತಿದ್ದೆ. ಹತ್ತು ವರ್ಷದ ನಂತರ, 2019ರ ಡಿಸೆಂಬರ್ 29ಕ್ಕೆ, ಐದು ಪರ್ಯಾಯ ಪೂರೈಸಿದ್ದ ಪೇಜಾವರ ಮಠದ ವಿಶ್ವೇಶತೀರ್ಥ ಸ್ವಾಮೀಜಿ ಉಡುಪಿಯಲ್ಲಿ ಕಾಲವಾದರು. ಅಂದಿನಿಂದ ಅಮ್ಮ ನನಗೆ ಈ ದಿನ ಶುಭಾಶಯ ಹೇಳುವ ಮೊದಲು ಒಂದು ನಿಟ್ಟುಸಿರು ಬಿಡುತ್ತಾರೆ.

ನೋಟ್‌ಬುಕ್ಕಿನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಗಂಟು ಐರ್ಲೆಂಡಿನದ್ದು. ಕುವೆಂಪು ಮೊದಲು ಬರೆಯುತ್ತಿದ್ದುದು ಇಂಗ್ಲಿಷಿನಲ್ಲಿ. 1924ರಲ್ಲಿ ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರಿಗೆ ಆ ಕವಿತೆಗಳನ್ನು ತೋರಿಸಿದರು. ಕಸಿನ್ಸ್ ಓದಿ, ನಿಮ್ಮ ಭಾಷೆಯಲ್ಲಿ ಏನು ಬರೆದಿದ್ದೀರಿ ಅಂತ ಕೇಳಿದರು. ಹುಡುಗನಿಗೆ ಮೊದಲು ಬೇಜಾರಾಯಿತು, ಆಮೇಲೆ ಕನ್ನಡಕ್ಕೆ ತಿರುಗಿದ. ಇಷ್ಟು ನಮಗೆಲ್ಲ ಪಾಠದಲ್ಲೇ ಗೊತ್ತು. ಇದೇ ಕಸಿನ್ಸ್ ದಂಪತಿ 1904ರಲ್ಲಿ, ಅಂದರೆ ಕುವೆಂಪು ಹುಟ್ಟಿದ ವರ್ಷವೇ, ಡಬ್ಲಿನ್ನಿನ ತಮ್ಮ ಮನೆಯಲ್ಲಿ ಇರಲು ಜಾಗವಿಲ್ಲದ ಒಬ್ಬ ಹುಡುಗನಿಗೆ ಕೆಲವು ದಿನ ಆಶ್ರಯ ಕೊಟ್ಟಿದ್ದರು. ಅವನು ಜೇಮ್ಸ್ ಜಾಯ್ಸ್. ಆ ಜಾಯ್ಸ್‌ನ ಮೊದಲ ಕಾದಂಬರಿ ಪುಸ್ತಕವಾಗಿ ನ್ಯೂಯಾರ್ಕಿನಲ್ಲಿ ಹೊರಬಂದ ದಿನ ಯಾವುದು ಅಂದುಕೊಂಡಿರಿ? 1916ರ ಡಿಸೆಂಬರ್ 29!

ಇನ್ನೂ ಇದೆ. ಮಾರ್ಗರೆಟ್ ಕಸಿನ್ಸ್, ಅಂದರೆ ಆ ಮನೆಯ ಯಜಮಾನಿ, ಸಂಗೀತ ಕಲಿತವರು. 1919ರಲ್ಲಿ ಟ್ಯಾಗೋರರು ಆಂಧ್ರದ ಮದನಪಲ್ಲಿಗೆ ಬಂದಿದ್ದಾಗ 'ಜನ ಗಣ ಮನ'ದ ಸ್ವರ ಬರೆದಿಟ್ಟುಕೊಂಡವರು ಅವರೇ. ಗಂಡ ನಮ್ಮ ನಾಡಗೀತೆಯ ಕವಿಯನ್ನು ಕನ್ನಡಕ್ಕೆ ತಿರುಗಿಸಿದರು, ಹೆಂಡತಿ ರಾಷ್ಟ್ರಗೀತೆಯ ಸ್ವರ ಬರೆದಿಟ್ಟರು. ಅವರ ಐರ್ಲೆಂಡಿನ ಸಂವಿಧಾನ ಜಾರಿಗೆ ಬಂದಿದ್ದು 1937ರ ಡಿಸೆಂಬರ್ 29. ನಮ್ಮ ಸಂವಿಧಾನದಲ್ಲಿ ರಾಜ್ಯ ನಿರ್ದೇಶಕ ತತ್ವಗಳು ಅಂತ ಇವೆಯಲ್ಲ, 36ರಿಂದ 51ನೇ ವಿಧಿ, ಅದರ ಮಾದರಿ ಅಲ್ಲಿಂದಲೇ ಬಂದಿದ್ದು. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಇದನ್ನು ಬಾಯಿಪಾಠ ಮಾಡಿರುತ್ತಾರೆ. ಆದರೆ ಕುಪ್ಪಳಿಯಿಂದ ಹೊರಟರೆ ಮದನಪಲ್ಲಿ ಮೇಲೆ ಡಬ್ಲಿನ್ನಿಗೆ ಹೀಗೊಂದು ಕಾಲುದಾರಿ ಇದೆ ಅಂತ ಯಾವ ಗೈಡಿನಲ್ಲೂ ನಾನು ನೋಡಿಲ್ಲ.

ಕಾಂಗ್ರೆಸ್ಸಿನ ಮೊದಲ ಅಧ್ಯಕ್ಷ ಡಬ್ಲ್ಯು.ಸಿ. ಬ್ಯಾನರ್ಜಿ ಹುಟ್ಟಿದ್ದೂ 1844ರ ಇದೇ ದಿನ. ಬೊಂಬಾಯಿಯಲ್ಲಿ 72 ಜನ ಸೇರಿ ಮೊದಲ ಅಧಿವೇಶನ ಶುರು ಮಾಡಿದ್ದು 1885ರ ಡಿಸೆಂಬರ್ 28ಕ್ಕೆ, ಹಾಗಾಗಿ ಎರಡನೇ ದಿನ ಅಧ್ಯಕ್ಷರಿಗೆ ಹುಟ್ಟುಹಬ್ಬ. ಅದೇ ದಿನ ಇಂಗ್ಲೆಂಡಿನ ಗ್ಲ್ಯಾಡ್‌ಸ್ಟನ್‌ಗೂ ಹುಟ್ಟುಹಬ್ಬ, 76 ತುಂಬಿತು, ಎರಡು ತಿಂಗಳೊಳಗೆ ಮೂರನೇ ಸಲ ಪ್ರಧಾನಿಯಾದರು. ಇದನ್ನು ಸುಮ್ನೆ ಹೇಳಿದೆ, ನಂಟು ಗಿಂಟು ಏನಿಲ್ಲ.

ಪೇಪರಿನ ಮೂಲೆಯಲ್ಲಿ ಒಂದೇ ಸಾಲಿನಲ್ಲಿ ಮುಗಿಸುವ ಕೆಲವು ಸಂಗತಿಗಳಿವೆ, ಅವನ್ನು ಓದಿದ ದಿನ ನೋಟ್‌ಬುಕ್ ಮುಚ್ಚಿ ಇಟ್ಟಿದ್ದೆ. 1890ರ ಡಿಸೆಂಬರ್ 29, ಅಮೆರಿಕದ ಸೌತ್ ಡಕೋಟಾದ ವೂಂಡೆಡ್ ನೀ ಹಳ್ಳದ ದಂಡೆ. ಅಲ್ಲಿಯ ಮೂಲನಿವಾಸಿಗಳಾದ ಲಕೋಟಾ ಜನರ ಗುಂಪೊಂದು ಹಿಂದಿನ ದಿನವೇ ಸೈನ್ಯಕ್ಕೆ ಶರಣಾಗಿತ್ತು. ಅವರ ಮುಖ್ಯಸ್ಥ ಬಿಗ್ ಫುಟ್ ನ್ಯುಮೋನಿಯಾ ಹತ್ತಿ ಮಲಗಿದ್ದ. ಬೆಳಿಗ್ಗೆ ಸೈನಿಕರು ಬಂದೂಕು ಕಸಿದುಕೊಳ್ಳುತ್ತಿದ್ದಾಗ ಎಲ್ಲೋ ಒಂದು ಗುಂಡು ಹಾರಿತು. ಅಷ್ಟೇ, ದಿಬ್ಬದ ಮೇಲಿಟ್ಟಿದ್ದ ಫಿರಂಗಿಗಳು ಹೆಂಗಸರು ಮಕ್ಕಳು ಅನ್ನದೆ ಉರುಳಿಸಿದವು. ಆಮೇಲೆ ಹಿಮ ಸುರಿಯಿತು. ಹೆಣ ತೆಗೆಯಲು ಬಂದಾಗ ಅವು ಬಿದ್ದ ಭಂಗಿಯಲ್ಲೇ ಸೆಟೆದುಹೋಗಿದ್ದವು. ಒಂದೇ ಗುಂಡಿಯಲ್ಲಿ 146 ಜನರನ್ನು ಹೂತರು. ಸತ್ತವರು 300ರ ಹತ್ತಿರ ಅಂತ ಇನ್ನೊಂದು ಲೆಕ್ಕ.

ನಾಲ್ಕನೇ ದಿನ ತಾಯಿಯ ಹೆಣದ ಕೆಳಗೆ ಒಂದು ಹೆಣ್ಣು ಕೂಸು ಜೀವಂತ ಸಿಕ್ಕಿತು. ಸೇನಾಧಿಕಾರಿ ಕೋಲ್ಬಿ ಅನ್ನುವವನು ಅದನ್ನು ಮನೆಗೆ ಒಯ್ದು ಸಾಕಿದ. 'ಕಳೆದುಹೋದ ಹಕ್ಕಿ' ಅಂತ ಅವಳ ಹೆಸರು. ಅತ್ತ ಬಿಳಿಯರೂ ತಮ್ಮವಳು ಅನ್ನಲಿಲ್ಲ, ಇತ್ತ ತನ್ನ ಜನವೂ ದಕ್ಕಲಿಲ್ಲ, ಮೂವತ್ತು ತುಂಬುವ ಮೊದಲೇ 1920ರಲ್ಲಿ ತೀರಿಕೊಂಡಳು. 1991ರಲ್ಲಿ ಅವಳ ಅಸ್ಥಿಯನ್ನು ತಂದು ಅದೇ ಗುಂಡಿಯ ಪಕ್ಕ ಮಣ್ಣು ಮಾಡಿದರು. ಇನ್ನು ಆ ಗುಂಡು ಹಾರಿಸಿದ ಸೈನಿಕರಲ್ಲಿ ಇಪ್ಪತ್ತರ ಹತ್ತಿರ ಜನರಿಗೆ ಅಮೆರಿಕ ತನ್ನ ಅತಿ ದೊಡ್ಡ ಶೌರ್ಯ ಪದಕ ಕೊಟ್ಟಿತ್ತು. ಹುಟ್ಟುವ ಪ್ರತಿ ಮಗುವೂ ವಿಶ್ವಮಾನವ, ಬೆಳೆಸುತ್ತಾ ಅದನ್ನು ಅಲ್ಪಮಾನವ ಮಾಡುವವರು ನಾವು ಅಂತ ಕುವೆಂಪು ಹೇಳಿದ್ದನ್ನು ಮೇಷ್ಟ್ರು ಪ್ರತಿ ವರ್ಷ ಹೇಳುತ್ತಿದ್ದರು. ಪೆಪ್ಪರಮೆಂಟಿನ ಧ್ಯಾನದಲ್ಲಿದ್ದ ನನ್ನ ಕಿವಿಗೆ ಅದು ಬಿದ್ದಿರಲಿಲ್ಲ.

1940ರದ್ದು ಎರಡನೇ ಮಹಾಯುದ್ಧದ ಲಂಡನ್. ಅಂದು ಭಾನುವಾರ, ಆಫೀಸು ಗೋದಾಮುಗಳಿಗೆಲ್ಲ ಬೀಗ, ಕೀಲಿ ಯಾರ ಹತ್ತಿರ ಇದೆಯೋ. ಥೇಮ್ಸ್ ನದಿ ಇಳಿತದಲ್ಲಿತ್ತು, ಪಂಪಿಗೆ ನೀರು ಎಟುಕಲಿಲ್ಲ. ಜರ್ಮನರು ಸುರಿಸಿದ್ದು ಬೆಂಕಿ ಬಾಂಬು. ಸೇಂಟ್ ಪಾಲ್ ಚರ್ಚಿನ ಗುಮ್ಮಟಕ್ಕೂ ಒಂದು ಸಿಕ್ಕಿಕೊಂಡಿತ್ತು, ಅದೃಷ್ಟಕ್ಕೆ ಕಳಚಿ ಕೆಳಗೆ ಬಿತ್ತು, ಆರಿಸಿದರು. ಹೊಗೆಯ ಮಧ್ಯೆ ಗುಮ್ಮಟ ಎದ್ದು ನಿಂತ ಫೋಟೊ ಎಲ್ಲರೂ ನೋಡಿರುತ್ತೀರಿ. ಫೋಟೊದಲ್ಲಿ ಕಾಣದ್ದು ಪಕ್ಕದ ಪೇಟರ್‌ನಾಸ್ಟರ್ ರೋ. ಲಂಡನ್ನಿನ ಪ್ರಕಾಶಕರ ಬೀದಿ ಅದು. ಒಂದೇ ರಾತ್ರಿ ಅಲ್ಲಿ ಸುಮಾರು ಐವತ್ತು ಲಕ್ಷ ಪುಸ್ತಕ ಸುಟ್ಟವು ಅಂತ ಅಂದಾಜು.

ಹತ್ತೊಂಬತ್ತು ವರ್ಷ ಬಿಟ್ಟು, 1959ರ ಇದೇ ದಿನ, ಕ್ಯಾಲಿಫೋರ್ನಿಯಾದಲ್ಲಿ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಭಾಷಣಕ್ಕೆ ಎದ್ದು ನಿಂತು, ಇಪ್ಪತ್ತನಾಲ್ಕು ಸಂಪುಟದ ಬ್ರಿಟಾನಿಕಾ ವಿಶ್ವಕೋಶವನ್ನು ಗುಂಡುಸೂಜಿಯ ತಲೆ ಮೇಲೆ ಯಾಕೆ ಬರೆಯಬಾರದು ಅಂತ ಕೇಳಿದರು. ಲಂಡನ್ನಿನ ಆ ಗೋದಾಮುಗಳ ನೆನಪಲ್ಲಿ ಇದನ್ನು ಓದಿದರೆ ಬೇರೆಯೇ ಥರ ಕೇಳಿಸುತ್ತದೆ. ಕೈಯಿಂದ ಎರಡು ಬಹುಮಾನವನ್ನೂ ಘೋಷಿಸಿದರು, ತಲಾ ಸಾವಿರ ಡಾಲರ್. ಒಂದು, ಅಂಗುಲದ ಅರವತ್ನಾಲ್ಕನೇ ಒಂದು ಭಾಗದಷ್ಟು ಮೋಟಾರ್ ಮಾಡಿದವರಿಗೆ. ರಾಗಿ ಕಾಳಿಗಿಂತ ಚಿಕ್ಕದು. ಹೊಸ ತಂತ್ರ ಹುಟ್ಟಲಿ ಅಂತ ಅವರ ಆಸೆ. ವರ್ಷ ತುಂಬುವುದರೊಳಗೆ ವಿಲಿಯಂ ಮ್ಯಾಕ್ಲೆಲನ್ ಅನ್ನುವ ಎಂಜಿನಿಯರ್ ಇದ್ದ ಸಾಮಾನಿನಲ್ಲೇ, ಬರೀ ಕೈಚಳಕದಲ್ಲಿ, ಮೋಟಾರ್ ಮಾಡಿ ತಂದಿಟ್ಟರು. ಫೈನ್‌ಮನ್‌ಗೆ ದುಡ್ಡೂ ಹೋಯಿತು, ಹೊಸ ತಂತ್ರವೂ ಸಿಗಲಿಲ್ಲ. ಇನ್ನೊಂದು ಬಹುಮಾನ ಪುಸ್ತಕದ ಪುಟವನ್ನು ಇಪ್ಪತ್ತೈದು ಸಾವಿರ ಪಟ್ಟು ಕುಗ್ಗಿಸಿದವರಿಗೆ, ಅದನ್ನು ಗೆಲ್ಲಲು 1985ರ ತನಕ ಕಾಯಬೇಕಾಯಿತು. ನ್ಯಾನೊ ಅಂತ ಇವತ್ತು ಎಲ್ಲದಕ್ಕೂ ಅಂಟಿಸುತ್ತೇವಲ್ಲ, ಅದರ ಕಥೆ ಹೇಳುವವರು ಈ ಭಾಷಣದಿಂದಲೇ ಶುರು ಮಾಡುತ್ತಾರೆ.

ಹಾಗಂತ ತಾರೀಕನ್ನೂ ಪೂರ್ತಿ ನಂಬುವ ಹಾಗಿಲ್ಲ. ಇಂಗ್ಲೆಂಡಿನ ರಾಜನ ಕಡೆಯ ನಾಲ್ವರು ಸರದಾರರು ಕ್ಯಾಂಟರ್‌ಬರಿಯ ಚರ್ಚಿನೊಳಗೇ ಅಲ್ಲಿಯ ಆರ್ಚ್‌ಬಿಷಪ್ ಥಾಮಸ್ ಬೆಕೆಟ್‌ನನ್ನು ಕಡಿದಿದ್ದು 1170ರ ಡಿಸೆಂಬರ್ 29 ಅಂತ ಎಲ್ಲ ಪಟ್ಟಿಯಲ್ಲೂ ಇದೆ. ಅದು ಹಳೆಯ ಜೂಲಿಯನ್ ಕ್ಯಾಲೆಂಡರ್. ಈಗಿನ ಲೆಕ್ಕಕ್ಕೆ ತಂದರೆ 1171ರ ಜನವರಿ 5 ಆಗುತ್ತದೆ. ಹಾಗಾಗಿ ಬೆಕೆಟ್ ನಮ್ಮವನಲ್ಲ. ಇನ್ನು ಸಮೋವಾ ದ್ವೀಪದವರದ್ದು ಕೇಳಿ. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಜೊತೆ ವ್ಯಾಪಾರಕ್ಕೆ ವಾರ ಹೊಂದುತ್ತಿರಲಿಲ್ಲ. ಇಲ್ಲಿ ಭಾನುವಾರ ಅಂದರೆ ಅಲ್ಲಿ ಆಗಲೇ ಸೋಮವಾರ. ಅದಕ್ಕೆ 2011ರಲ್ಲಿ, ದಾಟಿದರೆ ತಾರೀಕು ಬದಲಾಗುವ ದಿನರೇಖೆಯ ಆ ಕಡೆಯಿಂದ ಈ ಕಡೆಗೆ ಹಾರಿದರು. ಡಿಸೆಂಬರ್ 29, ಗುರುವಾರ ರಾತ್ರಿ ಮಲಗಿದವರು ಎದ್ದಾಗ ಡಿಸೆಂಬರ್ 31, ಶನಿವಾರ. 30 ಅನ್ನುವ ದಿನವೇ ಅಲ್ಲಿ ಆಗಲಿಲ್ಲ. ಇದನ್ನು ಓದಿ, ಒಂದು ದಿನ ತಪ್ಪಿ 30ಕ್ಕೆ ಹುಟ್ಟಿದ್ದರೆ ಗತಿ ಏನಾಗುತ್ತಿತ್ತು, ಪುಣ್ಯಕ್ಕೆ ನಾನು 29ರವನು ಅಂತ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೆ.

ಹೋದ ತಿಂಗಳು ಊರಿಗೆ ಹೋಗಿದ್ದೆ. ಹೆಂಚು ತೆಗೆದು ರಿಪೇರಿ ನಡೆಯುತ್ತಿತ್ತು, ಅಟ್ಟದ ಸಾಮಾನೆಲ್ಲ ಅಂಗಳಕ್ಕೆ ಬಂದಿತ್ತು. ಅದರಲ್ಲಿ ಬಾಳೆ ಪಟ್ಟೆಯ ದಾರದಲ್ಲಿ ಕಟ್ಟಿದ ಕ್ಯಾಲೆಂಡರ್ ಕಟ್ಟು. ಅಜ್ಜಯ್ಯನದ್ದು. ಅವರು ಪ್ರತಿ ವರ್ಷದ ಗೋಡೆ ಕ್ಯಾಲೆಂಡರನ್ನೂ ಎತ್ತಿಡುತ್ತಿದ್ದರು, ಯಾಕೆಂದರೆ ತಾರೀಕಿನ ಚೌಕದೊಳಗೆ ಮನೆಯ ಲೆಕ್ಕವೆಲ್ಲ ಇರುತ್ತಿತ್ತು. ಪೆನ್ಸಿಲಿನಲ್ಲಿ, ಇರುವೆ ಸಾಲಿನಂಥ ಅಕ್ಷರ. ಆಳಿನ ಸಂಬಳ, ಯಾರ ಮನೆಗೆ ಎಷ್ಟು ಸೇರು ಹಾಲು, ಹಸು ಹೋರಿಗೆ ಬಿಟ್ಟ ದಿನ, ಯಾರೋ ತೀರಿಕೊಂಡಿದ್ದು. ನಾನು ಹುಟ್ಟಿದ ವರ್ಷ, 1984, ಹುಡುಕಿದೆ. ಡಿಸೆಂಬರ್ ಹಾಳೆಯ ಕೆಳಗಿನ ಮೂಲೆಯನ್ನು ಗೆದ್ದಲು ತಿಂದಿತ್ತು, ಪುಣ್ಯಕ್ಕೆ ನನ್ನ ಚೌಕ ಉಳಿದಿತ್ತು. ಕನ್ನಡಕ ಒರೆಸಿಕೊಂಡು ಓದಿದೆ.

29, ಶನಿವಾರ. "ಅಡಿಕೆ ಎರಡು ಹಂಡೆ ಬೇಯಿಸಿದ್ದು. ಕೆಂಪಿ ಕರು ಹಾಕಿತು, ಹೆಣ್ಣು."

ಅಷ್ಟೇ. ಮೊದಲು ನಗು ಬಂತು, ಆಮೇಲೆ ಸ್ವಲ್ಪ ಸಿಟ್ಟೂ ಬಂತು, ಮೊಮ್ಮಗ ಹುಟ್ಟಿದ್ದನ್ನು ಬರೆಯಲು ಜಾಗ ಸಿಗಲಿಲ್ಲವಾ ಅಂತ. ಆಮೇಲೆ ಪಕ್ಕದ ಚೌಕಕ್ಕೆ ಕಣ್ಣು ಹೋಯಿತು. 30, ಭಾನುವಾರ. "ಸೊಸೆಗೆ ಗಂಡು, ಬೆಳಗಿನ ಜಾವ. ಅಡಿಕೆ ಬೇಯಿಸಲಿಲ್ಲ."

ಅಮ್ಮನಿಗೆ ತೋರಿಸಿದೆ. ಅಡುಗೆಮನೆ ಬಾಗಿಲಲ್ಲಿ ನಿಂತು, ಕೈ ಸೆರಗಿಗೆ ಒರೆಸಿಕೊಂಡು ನೋಡಿದರು. ಅವರಿಗೇನೂ ಆಶ್ಚರ್ಯ ಆಗಲಿಲ್ಲ.

"ಶಾಲೆಗೆ ಸೇರಿಸುವಾಗ ಅಪ್ಪಯ್ಯ ಡಿಸೆಂಬರ್ ಕೊನೆ, ಅಡಿಕೆ ಕೊಯ್ಲಲ್ಲಿ ಅಂದ್ರು. ಮೇಷ್ಟ್ರು, ಹಂಗಾರೆ ಪುಟ್ಟಪ್ಪನೋರ ದಿನವೇ ಇರ್ಲಿ, ಹುಡುಗನಿಗೆ ಒಳ್ಳೇದಾಗ್ತದೆ ಅಂತ ಬರ್ದ್ರು."

"ಅಮ್ಮ, ಅಷ್ಟು ವರ್ಷ ಎದ್ದು ನಿಂತಿದ್ನಲ್ಲ ನಾನು?"

"ನಿಂತ್ರೆ ಎಂತ ಆಯ್ತು ಈಗ?" ಅಂತ ಒಳಗೆ ಹೊರಟವರು ಮತ್ತೆ ತಿರುಗಿ ಬಂದು ಕ್ಯಾಲೆಂಡರ್ ಹತ್ತಿರ ಹಿಡಿದು ನೋಡಿದರು. "ಹೌದಲ್ಲಾ, ಕೆಂಪಿ ಕರು ಅದೇ ಹೊತ್ತಿಗೆ ಹುಟ್ಟಿದ್ದು. ಒಳ್ಳೆ ಹಾಲು ಕೊಡ್ತಿತ್ತು ಮಾರಾಯ ಅದು, ಆಮೇಲೆ."